ಎದೆಯೆಲುಬಿನ ಪಾಠ

ಶಿವಾಜಿನಗರ, ಪುಣೆ
8 ಜೂನ್ 2025

ಪ್ರಲ್ಹಾದ ಮಾಸ್ತರರಿಗೆ,

ನಿಮ್ಮ ಹೋಟೆಲ್ ಹರಿಶ್ಚಂದ್ರನ ನಮಸ್ಕಾರಗಳು. ಈ ಕಾಲದಲ್ಲಿ ಅಂಚೆಯಲ್ಲಿ ಪತ್ರವೇ ಎಂದು ನೀವು ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿರಬಹುದು. ಫೋನು ಉಂಟು, ನಿಮ್ಮ ನಂಬರೂ ಉಂಟು. ಆದರೆ ಈ ಮಾತನ್ನು ಫೋನಿನಲ್ಲಿ ಹೇಳಲು ಹೋದರೆ ಮಳೆಯ ಮಾತಾಡಿ ಇಟ್ಟುಬಿಡುತ್ತೇನೆ. ಬರೆಯುವುದನ್ನು ಕಲಿಸಿದವರು ನೀವು. ಕಲಿಸಿದ್ದು ಇಂಥ ದಿನಕ್ಕೇ ಇರಬೇಕು.

ನೀವು ನಮ್ಮ ಹೋಟೆಲಿಗೆ ಕಾಲಿಡದೆ ಮೂರು ವರ್ಷವಾಯಿತು. ಕಿಟಕಿಯ ಪಕ್ಕದ ನಿಮ್ಮ ಮೇಜು ತೆಗೆಸಿ ನಾನು ನಿಂತು ತಿನ್ನುವ ಕಟ್ಟೆ ಹಾಕಿಸಿದೆ. ಮರುವಾರ ನೀವು ಬಂದಿರಿ. ನಿಂತುಕೊಂಡೇ ಅರ್ಧ ಮಸಾಲೆದೋಸೆ ತಿಂದು, ತಟ್ಟೆ ಕೆಳಗಿಟ್ಟು, ತಿರುಗಿ ನೋಡದೆ ಹೊರಟುಹೋದಿರಿ. ಬೈದರೆ ಹೋಟೆಲಿನವನು ತಡೆದುಕೊಳ್ಳುತ್ತಾನೆ, ಅರ್ಧ ಬಿಟ್ಟ ತಟ್ಟೆಯನ್ನು ತಡೆದುಕೊಳ್ಳಲು ಆಗುವುದಿಲ್ಲ. ಹೋದರೆ ಹೋಗಲಿ ಎಂದುಕೊಂಡೆ. ಆಮೇಲೆ ನೀವು ಖರಾಡಿಗೆ, ಮಗಳು ಹರ್ಷದಾಳ ಮನೆಗೆ, ಹೋದಿರೆಂದು ಗೊತ್ತಾಯಿತು. ನಾನೂ ಬರಲಿಲ್ಲ. ಸಿಟ್ಟು ಮಾಡಲಿಕ್ಕೂ ಆಯುಷ್ಯ ಬೇಕು ಎಂದು ಈಗ ಅರ್ಥವಾಗಿದೆ.

ವಿಷಯಕ್ಕೆ ಬರುತ್ತೇನೆ. ಎದೆ ಮುಗಿದು ಹೊಟ್ಟೆ ಶುರುವಾಗುವ ಜಾಗದಲ್ಲಿ, ನಟ್ಟನಡುವೆ, ನನಗೊಂದು ಗಂಟು ಎದ್ದಿದೆ. ಅಡಿಕೆಯ ಗಾತ್ರ, ಕಲ್ಲಿನಷ್ಟು ಗಟ್ಟಿ. ಒತ್ತಿದರೆ ನೋಯುತ್ತದೆ, ಸುಮ್ಮನಿದ್ದರೆ ಇಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ಕುಸುಮ ಹೆಂಡತಿಯ ಅಧಿಕಾರದಿಂದ ನನ್ನ ಬಾಯಿಗೆ ಬೀಗ ಹಾಕಿದ್ದಾಳೆ. ಮೂವತ್ತು ವರ್ಷ ಗಲ್ಲಾಪೆಟ್ಟಿಗೆಯ ಮೇಲೆ ಆರಾಮವಾಗಿ ಒರಗಿಕೊಂಡಿದ್ದ ನನ್ನ ಹೊಟ್ಟೆ ಕೆಲವೇ ತಿಂಗಳಲ್ಲಿ ಕರಗಿತು. ಎಲ್ಲರೂ ಹೊಗಳಿದರು, ನಾನೂ ಮೀಸೆ ತಿರುವಿದೆ. ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಗಂಟು ಕೈಗೆ ಸಿಕ್ಕಿತು. ನನ್ನ ದೊಡ್ಡಪ್ಪನಿಗೂ ಹೀಗೇ ತೂಕ ಇಳಿದಿತ್ತು, ಹೀಗೇ ಗಡ್ಡೆ ಸಿಕ್ಕಿತ್ತು. ಆ ವರ್ಷದ ದೀಪಾವಳಿಯನ್ನು ಅವರು ನೋಡಲಿಲ್ಲ.

ಡಾಕ್ಟರ ಹತ್ತಿರ ಹೋಗಿಲ್ಲ. ಹೋದರೆ ಅವರು ಅದಕ್ಕೊಂದು ಹೆಸರು ಹೇಳುತ್ತಾರೆ. ಹೆಸರು ಬಂದ ಮೇಲೆ ಕುಸುಮಳಿಗೆ ಹೇಳಲೇಬೇಕಾಗುತ್ತದೆ. ಹೋಟೆಲನ್ನು ಮೊಬೈಲ್ ಅಂಗಡಿಯವರೊಬ್ಬರು ಕೇಳುತ್ತಿದ್ದಾರೆ. ಗಣಪತಿ ಹಬ್ಬದೊಳಗೆ ಕೊಟ್ಟುಬಿಡಬೇಕೆಂದಿದ್ದೇನೆ. ನಾನು ಹೋದ ಮೇಲೆ ಅವಳೊಬ್ಬಳೇ ಬೆಂಕಿಯ ಮುಂದೆ ನಿಲ್ಲುವುದು ಬೇಡ.

ಹೋಗುವ ಮೊದಲು ಹೇಳಬೇಕಾದದ್ದು ಇದು. ಕಾರ್ಕಳದ ಕಡೆಯಿಂದ ನಾನು ಈ ಊರಿಗೆ ಬಂದಾಗ ನನಗೆ ಹದಿಮೂರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಇಡ್ಲಿಗೆ ರುಬ್ಬುತ್ತಿದ್ದೆ, ಸಂಜೆ ನಿಮ್ಮ ಕನ್ನಡ ರಾತ್ರಿಶಾಲೆಗೆ ಬಂದು ಬೆಂಚಿನ ಮೇಲೆ ನಿದ್ದೆ ಹೊಡೆಯುತ್ತಿದ್ದೆ. ಬೇರೆ ಮಾಸ್ತರರು ಸೀಮೆಸುಣ್ಣ ಎಸೆಯುತ್ತಿದ್ದರು. ನೀವು ಒಂದು ದಿನವೂ ಎಬ್ಬಿಸಲಿಲ್ಲ. ನಿಮ್ಮ ಉಣ್ಣೆಯ ಸ್ವೆಟರ್ ಹೊದಿಸುತ್ತಿದ್ದಿರಿ. ನಾನು ಗಡಬಡಿಸಿ ಎದ್ದರೆ, “ಏಳಬ್ಯಾಡೋ, ಮಲ್ಕೋ. ಅಕ್ಷರ ಎಲ್ಲಿಗೂ ಓಡಿ ಹೋಗೂದಿಲ್ಲ” ಎನ್ನುತ್ತಿದ್ದಿರಿ. ಶಾಲೆ ಬಿಟ್ಟ ಮೇಲೆ ನನ್ನ ಜೊತೆ ಹೋಟೆಲಿನವರೆಗೆ ನಡೆದು, ತಪ್ಪಿಹೋದ ಪಾಠವನ್ನು ದಾರಿಯುದ್ದಕ್ಕೂ ಹೇಳಿಕೊಡುತ್ತಿದ್ದಿರಿ.

ನನ್ನ ಹೋಟೆಲ್, ನನ್ನ ಸಂಸಾರ, ಈ ಪತ್ರ, ಎಲ್ಲವೂ ಆ ದಾರಿಯಲ್ಲಿ ಸಿಕ್ಕಿದ್ದು. ನಾನು ನಿಮಗೆ ಋಣಿ, ಮಾಸ್ತರರೇ. ಇದನ್ನು ನೀವು ಬದುಕಿರುವಾಗ, ನಾನು ಬದುಕಿರುವಾಗ ಹೇಳಿಯಾಯಿತು. ಇನ್ನು ಆದದ್ದಾಗಲಿ.

ನಿಮ್ಮ ಬೆಂಚಿನ ಮೇಲೆ ಮಲಗುತ್ತಿದ್ದ
ಹರಿಶ್ಚಂದ್ರ


ಖರಾಡಿ
14 ಜೂನ್ 2025

ಚಿರಂಜೀವಿ ಹರಿಶ್ಚಂದ್ರನಿಗೆ,

ಚಿರಂಜೀವಿ ಎಂದು ಬೇಕೆಂದೇ ಬರೆದಿದ್ದೇನೆ. ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಕಣ್ಣಲ್ಲಿ ನೀರು ಬಂತು. ಎರಡನೆಯ ಸಲ ನಗು ತಡೆಯಲಾಗಲಿಲ್ಲ. ಹರ್ಷದಾ ಅಡುಗೆಮನೆಯಿಂದ ಓಡಿಬಂದು, “ಅಪ್ಪಾ, ಏನಾತು? ಒಬ್ರ ಯಾಕ ನಗಾಕತ್ತೀರಿ?” ಎಂದು ಕೇಳಿದಳು. ಈ ಮನೆಯಲ್ಲಿ ನನ್ನ ನಗು ಕೇಳಿ ಬಹಳ ದಿನವಾಗಿತ್ತಂತೆ.

ಗುಡ್ಡ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ನೀನು ಹೊಟ್ಟೆ ಕರಗಿಸಿ ನಿನ್ನದೇ ಎಲುಬು ಹಿಡಿದಿದ್ದೀ!

ಈಗ ಪಾಠ. ನಲವತ್ತು ವರ್ಷದ ಮೇಲೆ ಮತ್ತೆ ಮಾಸ್ತರಿಕೆ ಮಾಡಿಸುತ್ತಿದ್ದೀ, ಗಮನ ಇಟ್ಟು ಓದು. ತೋರುಬೆರಳನ್ನು ಗಂಟಲ ಕೆಳಗಿನ ಕುಳಿಯಲ್ಲಿಡು. ಮೆಲ್ಲಗೆ ಕೆಳಗೆ ಜಾರಿಸು. ಮೂರು ಬೆರಳಿನಷ್ಟು ಇಳಿದರೆ ಅಡ್ಡಕ್ಕೆ ಒಂದು ಏಣು ಸಿಗುತ್ತದೆ. ಅಲ್ಲಿಯವರೆಗಿನದು ಎದೆಯೆಲುಬಿನ ಹಿಡಿ. ಆ ಏಣಿನ ಎಡಬಲಕ್ಕೆ ಎರಡನೆಯ ಪಕ್ಕೆಲುಬುಗಳು ಬಂದು ಕೂಡುತ್ತವೆ. ಡಾಕ್ಟರರು ಪಕ್ಕೆಲುಬು ಎಣಿಸುವುದು ಅಲ್ಲಿಂದಲೇ. ಕೆಳಗೆ ಉದ್ದನೆಯ ಅಲಗು. ಅಲಗಿನ ತುದಿಗೆ ಸಣ್ಣ ಮೊನೆ. ಇಡೀ ಎಲುಬು ಒಂದು ಮೋಟು ಕತ್ತಿಯ ಹಾಗೆ, ಹಿಂದಿರುವ ಹೃದಯಕ್ಕೆ ಕಾವಲು ನಿಂತಿದೆ. ನಿನ್ನ ಕೈಗೆ ಸಿಕ್ಕ ‘ಅಡಿಕೆ’ ಆ ಮೊನೆ.

ಅದು ಇಷ್ಟು ದಿನ ಎಲ್ಲಿತ್ತು ಎಂದು ಕೇಳುತ್ತೀ. ಅಲ್ಲೇ ಇತ್ತು, ನಿನ್ನ ಹೊಟ್ಟೆಯ ಅಡಿಯಲ್ಲಿ. ಈ ಎಲುಬು ಹುಟ್ಟುವ ರೀತಿಯೇ ಬೇರೆ, ಹರಿಶ್ಚಂದ್ರ. ತಾಯಿಯ ಹೊಟ್ಟೆಯಲ್ಲಿ ಎರಡು ತಿಂಗಳೂ ತುಂಬದ ಕೂಸಿಗೆ ಎದೆಯ ನಡುವೆ ಎಲುಬೇ ಇರುವುದಿಲ್ಲ. ಎಡಕ್ಕೊಂದು, ಬಲಕ್ಕೊಂದು ಮೆತ್ತನೆಯ ಪಟ್ಟಿ, ದೂರದೂರ. ಅವು ದಿನದಿನಕ್ಕೆ ನಡುವಿಗೆ ಸರಿಯುತ್ತ ಬಂದು, ಮೇಲಿನಿಂದ ಕೆಳಗಿನವರೆಗೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಯಾರೂ ಹೊಲಿಯುವುದಿಲ್ಲ, ಯಾರೂ ಬೆಸುಗೆ ಹಾಕುವುದಿಲ್ಲ. ಹುಟ್ಟುವಾಗ ಅದು ಬಹುಪಾಲು ಮೃದುವಾಗಿಯೇ ಇರುತ್ತದೆ, ನಡುನಡುವೆ ಗಟ್ಟಿ ಚುಕ್ಕೆಗಳು. ಅಲಗಿನ ತುಂಡುಗಳು ಕೂಡಿ ಒಂದಾಗುವ ಹೊತ್ತಿಗೆ ಇಪ್ಪತ್ತೈದು ವರ್ಷ ಆಗಿರುತ್ತದೆ. ಮೊನೆಯದು ಎಲ್ಲಕ್ಕಿಂತ ತಡ. ಅದು ಕಿವಿಯ ಹಾಗೆ ಬಾಗುತ್ತ ಇದ್ದು, ನಲವತ್ತರ ಆಚೆ ಪೂರಾ ಗಟ್ಟಿಯಾಗುತ್ತದೆ. ಕೆಲವರದು ಸೀಳಿರುತ್ತದೆ, ಕೆಲವರದರಲ್ಲಿ ತೂತಿರುತ್ತದೆ, ಕೆಲವರದು ಮುಂದಕ್ಕೆ ಬಾಗಿ ಚರ್ಮದಡಿಯಲ್ಲಿ ಕೈಗೆ ಸಿಗುತ್ತದೆ. ನಿನ್ನದು ಮುಂದಕ್ಕೆ ಬಾಗಿದ ಜಾತಿಯದಿರಬೇಕು.

ಇದೇ ಪಾಠವನ್ನು ಅಂದು ಶಾಲೆಯಲ್ಲಿ ಮಾಡಿದ್ದೆ. ನಮ್ಮಲ್ಲಿ ಚಿತ್ರಪಟ ಇರಲಿಲ್ಲ. “ನಿಮ್ಮ ಎದೀನ ನಿಮ್ಮ ಪುಸ್ತಕ, ಮುಟ್ಟಿ ನೋಡ್ರಿ” ಎಂದು ಹುಡುಗರಿಗೆಲ್ಲ ಹೇಳಿದ್ದೆ. ನೀನು ಮೂಲೆಯಲ್ಲಿ ಗೊರಕೆ ಹೊಡೆಯುತ್ತಿದ್ದೆ. ಆ ಸಂಜೆ ಜೋರು ಮಳೆ. ಒಂದೇ ಕೊಡೆಯಲ್ಲಿ ಇಬ್ಬರೂ ಓಡಿದೆವು, ದಾರಿಯಲ್ಲಿ ಪಾಠ ಹೇಳುವುದು ಆಗಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡವನು ಮರೆತೆ.

ಆದರೆ ನಾನು ಜೀವಶಾಸ್ತ್ರದ ಮಾಸ್ತರ, ಡಾಕ್ಟರ ಅಲ್ಲ. ಕಾಗದದ ಮೇಲೆ ಎದೆ ಮುಟ್ಟಿ ನೋಡಲು ಬರುವುದಿಲ್ಲ. ಆದ್ದರಿಂದ ನಾಳೆಯೇ ಡಾಕ್ಟರ ಹತ್ತಿರ ಹೋಗು. ಒಬ್ಬನೇ ಹೋಗಬೇಡ, ಕುಸುಮಾಳಿಗೆ ಎಲ್ಲ ಹೇಳಿ ಅವಳನ್ನೂ ಕರೆದುಕೊಂಡು ಹೋಗು. ಭಯ ಎನ್ನುವುದು ಮುಚ್ಚಿಟ್ಟ ಹಿಟ್ಟಿನ ಹಾಗೆ, ಉಬ್ಬುತ್ತಲೇ ಹೋಗುತ್ತದೆ. ಹೋಟೆಲಿನ ಮಾತನ್ನು ಅಲ್ಲಿಯವರೆಗೆ ಎತ್ತಬೇಡ.

ಇಲ್ಲಿ ಹನ್ನೊಂದನೆಯ ಮಹಡಿ. ಲಿಫ್ಟ್ ಇದೆ, ಆದರೂ ನಾನು ಕೆಳಗಿಳಿಯುವುದು ಕಡಿಮೆ. ನಿನ್ನ ಪತ್ರ ಬಂದದ್ದು ಬಹಳ ದೊಡ್ಡ ಸಂತೋಷ. ದೋಸೆಯ ವಿಷಯ ಇನ್ನೊಮ್ಮೆ.

ಆಶೀರ್ವಾದ ಮತ್ತು ಒಂದು ಗುದ್ದು,
ಪ್ರಲ್ಹಾದ ಮಾಸ್ತರ


ಶಿವಾಜಿನಗರ
21 ಜೂನ್ 2025

ಮಾಷ್ಟ್ರೇ,

ನಾನು ಕುಸುಮ. ಪತ್ರ ಬರೆದು ಅಭ್ಯಾಸ ಇಲ್ಲ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಿಮ್ಮ ಪತ್ರ ಬಂದ ದಿನ ಇವರು ಗಲ್ಲಾದಲ್ಲಿ ಕೂತು ಅಂಗಿಯೊಳಗೆ ಕೈ ಹಾಕಿ ಗಂಟಲಿನಿಂದ ಕೆಳಗೆ ಬೆರಳು ಜಾರಿಸುತ್ತಿದ್ದರು. ಎದುರಿಗೆ ಬಿಲ್ಲಿಗೆ ನಿಂತಿದ್ದ ವಕೀಲರು ಗಾಬರಿಯಾದರು. ನಾನು ಒಳಗೆ ಕರೆದು, “ಎಂತದು ಮಾರಾಯ್ರೇ, ಜನರೆದುರು ಎಂತ ಮಾಡುದು ನೀವು?” ಎಂದು ಗದರಿಸಿದೆ. ಆಗ ಎಲ್ಲ ಹೊರಗೆ ಬಂತು. ಗಂಟು, ದೊಡ್ಡಪ್ಪ, ಮೊಬೈಲ್ ಅಂಗಡಿ, ಎಲ್ಲ. ನಾನು ಮೊದಲು ಅಲ್ಲೇ ಅಕ್ಕಿ ಚೀಲದ ಮೇಲೆ ಕೂತುಬಿಟ್ಟೆ. ಆಮೇಲೆ ಎಷ್ಟು ಸಿಟ್ಟು ಬಂತೆಂದರೆ, ಗಂಟು ಇಲ್ಲದಿದ್ದರೆ ನಾನೇ ಒಂದು ಎಬ್ಬಿಸುತ್ತಿದ್ದೆ. ಮೂವತ್ತು ವರ್ಷ ಒಟ್ಟಿಗೆ ಬೆಂಕಿಯ ಮುಂದೆ ನಿಂತವಳಿಗೆ ಹೇಳದೆ ನಿಮಗೆ ಬರೆದರಲ್ಲ!

ಮರುದಿನ ಡಾಕ್ಟರ ಹತ್ತಿರ ಹೋದೆವು. ಅವರು ಒತ್ತಿ ನೋಡಿದರು. ಇವರು ಕಣ್ಣು ಮುಚ್ಚಿ ಧರ್ಮಸ್ಥಳಕ್ಕೆ ಹರಕೆ ಹೊರುತ್ತಿದ್ದರು. ಡಾಕ್ಟರು ಮರಾಠಿಯಲ್ಲಿ, “ಕಾಕಾ, ಹೇ ತುಮಚಂಚ್ ಹಾಡ್ ಆಹೇ” ಎಂದರು. ಅಂದರೆ, ಇದು ನಿಮ್ಮದೇ ಎಲುಬು. ಸ್ಕ್ಯಾನಿಂಗ್ ಕೂಡ ಮಾಡಿದರು. ಏನೂ ಇಲ್ಲ. ನೀವು ಹೇಳಿದ ಹಾಗೆಯೇ ಮುಂದಕ್ಕೆ ಬಾಗಿದೆಯಂತೆ. ನಾನು ಅಲ್ಲೇ ಅತ್ತುಬಿಟ್ಟೆ. ಇವರು ನನ್ನನ್ನು ಸಮಾಧಾನ ಮಾಡುವ ಬದಲು ಡಾಕ್ಟರಿಗೆ ಎದೆಯೆಲುಬಿನ ಪಾಠ ಹೇಳುತ್ತ ಕೂತರು!

ನಿಮ್ಮಿಂದ ನನ್ನ ಮನೆ ಉಳಿಯಿತು. ಇನ್ನು ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಒಂದು ಭಾನುವಾರ ಬನ್ನಿ. ನಿಮ್ಮ ಹತ್ತಿರದ ರಾಮವಾಡಿಯಿಂದ ಮೆಟ್ರೋ ಹತ್ತಿದರೆ ಆಯಿತು. ನೀರುದೋಸೆ ಮಾಡುತ್ತೇನೆ, ಪೂರ್ತಿ ತಿನ್ನಬೇಕು.

ಕೈಮುಗಿದು,
ಕುಸುಮ


ಶಿವಾಜಿನಗರ
20 ಜುಲೈ 2025

ಮಾಸ್ತರರಿಗೆ,

ಇವತ್ತೂ ಭಾನುವಾರ. ಇವತ್ತೂ ನೀವು ಬರಲಿಲ್ಲ. ಕುಸುಮ ನೆನೆಹಾಕಿದ ಅಕ್ಕಿ ಪ್ರತಿ ವಾರ ಗಿರಾಕಿಗಳ ಪಾಲಾಗುತ್ತಿದೆ.

ಕಿಟಕಿಯ ಪಕ್ಕ ಕಟ್ಟೆ ಒಡೆಸಿ ನಿಮ್ಮ ಮೇಜನ್ನು ಮತ್ತೆ ಹಾಕಿಸಿದ್ದೇನೆ. ಮಾರಿರಲಿಲ್ಲ, ಅಟ್ಟದಲ್ಲಿತ್ತು. ಯಾಕೆ ಮಾರಲಿಲ್ಲ ಎಂದು ಕೇಳಬೇಡಿ. ಈಗ ಅದರ ಮೇಲೆ ಕೋರ್ಟಿನ ಗುಮಾಸ್ತರು ಕೂತು ಒಂದು ಚಹಾಕ್ಕೆ ಎರಡು ತಾಸು ಹರಟುತ್ತಾರೆ. ನಿಮ್ಮಂಥವರೇ. ಮೊಬೈಲ್ ಅಂಗಡಿಯವರಿಗೆ ಹೋಟೆಲ್ ಕೊಡುವುದಿಲ್ಲ ಎಂದು ಹೇಳಿಯಾಯಿತು.

ಫೋನು ಮಾಡಿದರೆ ಹರ್ಷದಾ ಎತ್ತುತ್ತಾಳೆ. “ಅಪ್ಪ ಮಲಗ್ಯಾರ್ರಿ ಕಾಕಾ” ಎನ್ನುತ್ತಾಳೆ. ಬೆಳಿಗ್ಗೆಯೂ ಮಲಗ್ಯಾರ, ಸಂಜೆಯೂ ಮಲಗ್ಯಾರ. ನಾನು ಹೋಟೆಲಿನವನು, ಅಡುಗೆ ಮುಗಿದಿದೆ ಎಂದು ನಿಜ ಹೇಳುವ ದನಿಯೂ ಗೊತ್ತು, ಮುಗಿಯದೆ ಸುಳ್ಳು ಹೇಳುವ ದನಿಯೂ ಗೊತ್ತು. ನೀವಿನ್ನೂ ಆ ದೋಸೆಯ ಸಿಟ್ಟಿನಲ್ಲೇ ಇದ್ದರೆ ನೇರವಾಗಿ ಬೈದು ಬರೆಯಿರಿ. ಜೀವ ಉಳಿಸಿದವರು ಮುಖ ತೋರಿಸದಿದ್ದರೆ, ಉಳಿದ ಜೀವಕ್ಕೆ ಸಮಾಧಾನ ಇಲ್ಲ.

ಇಂತಿ, ಇನ್ನೂ ಸಾಯದ
ಹರಿಶ್ಚಂದ್ರ


ಖರಾಡಿ
9 ಆಗಸ್ಟ್ 2025

ಪ್ರೀತಿಯ ಹರಿಶ್ಚಂದ್ರ,

ದೋಸೆ ಚಲೋ ಇತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಅಂದು ನಿನ್ನ ಕಟ್ಟೆಯ ಮುಂದೆ ನಿಂತು ತಿನ್ನುತ್ತಿದ್ದಾಗ ಎದೆಯ ಮೇಲೆ ಯಾರೋ ಕುಳಿತಂತಾಯಿತು. ಎಡಗೈ ಜೋಮು ಹಿಡಿಯಿತು. ಗಿರಾಕಿಗಳ ನಡುವೆ ಬಿದ್ದರೆ ನಿನಗೆ ತೊಂದರೆ ಎಂದು ತಟ್ಟೆ ಇಟ್ಟು ಹೊರಗೆ ಬಂದು, ರಿಕ್ಷಾ ಹಿಡಿದೆ. ತಿರುಗಿ ನೋಡುವಷ್ಟು ಉಸಿರು ಇರಲಿಲ್ಲ. ಮೇಜಿನ ಸಿಟ್ಟು ಇರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ, ಸ್ವಲ್ಪ ಇತ್ತು. ಆದರೆ ಬರದೇ ಇದ್ದದ್ದು ಅದಕ್ಕಲ್ಲ. ಆಮೇಲೆ ಗುಳಿಗೆಗಳ ಮೇಲೆ ದಿನ ತಳ್ಳಿದೆ. ಹೋದ ವರ್ಷ ಡಾಕ್ಟರರು ಹೃದಯದ ನಾಳಗಳು ಕಟ್ಟಿಕೊಂಡಿವೆ, ಬೈಪಾಸ್ ಮಾಡಲೇಬೇಕು ಎಂದರು. ನಾನು ಒಲ್ಲೆ ಎಂದೆ. ಹರ್ಷದಾ ಅತ್ತಳು, ಜಗಳವಾಡಿದಳು, ಎರಡು ದಿನ ಮಾತು ಬಿಟ್ಟಳು. ನಾನು ಜಗ್ಗಲಿಲ್ಲ.

ಯಾಕೆಂದು ನಿನಗೆ ಹೇಳಬಹುದು. ಸಾಯುವ ಭಯವಲ್ಲ. ಹೃದಯ ಮುಟ್ಟಬೇಕಾದರೆ ಮೊದಲು ಎದೆಯೆಲುಬನ್ನು ಮೇಲಿನಿಂದ ಕೆಳಗಿನವರೆಗೆ ಗರಗಸದಿಂದ ಸೀಳುತ್ತಾರೆ. ಇಡೀ ಜೀವಮಾನ ಹುಡುಗರಿಗೆ, ಇದು ಎದೆಯ ಬಾಗಿಲು, ದೇವರು ಹಾಕಿದ ಅಗಳಿ ಎಂದು ಹೇಳಿದವನು ನಾನು. ಆ ಗರಗಸದ ಸಪ್ಪಳ ಕನಸಿನಲ್ಲಿ ಬರುತ್ತಿತ್ತು. ಈ ವಯಸ್ಸಿನಲ್ಲಿ ಎರಡು ಹೋಳಾದದ್ದು ಮತ್ತೆ ಎಲ್ಲಿ ಕೂಡುತ್ತದೆ ಎನಿಸುತ್ತಿತ್ತು. ಏನೂ ಗೊತ್ತಿಲ್ಲದವನು ಧೈರ್ಯವಾಗಿ ಮಲಗುತ್ತಾನೆ. ಅರ್ಧ ಗೊತ್ತಿರುವ ನನ್ನಂಥವನ ಪಾಡು ನಾಯಿಪಾಡು.

ನಿನಗೆ ಪಾಠ ಬರೆದು ಅಂಚೆಗೆ ಹಾಕಿಸುವ ಮುಂಚೆ, ತಪ್ಪುಗಳಿವೆಯೇ ಎಂದು ಓದಿದೆ. ‘ಎಡಕ್ಕೊಂದು, ಬಲಕ್ಕೊಂದು ಪಟ್ಟಿ. ಯಾರೂ ಹೊಲಿಯುವುದಿಲ್ಲ.’ ನನ್ನ ಕೈಯಕ್ಷರವೇ ನನ್ನನ್ನು ನೋಡಿ ನಕ್ಕಿತು. ಈ ಎಲುಬು ಮೊದಲಿಗೇ ಎರಡಾಗಿ ಬಂದದ್ದು, ಹರಿಶ್ಚಂದ್ರ. ಕೂಡುವುದು ಅದಕ್ಕೆ ಹೊಸ ವಿದ್ಯೆಯಲ್ಲ. ಒಮ್ಮೆ ತಾನಾಗಿ ಕೂಡಿದ್ದು, ಈಗ ಉಕ್ಕಿನ ತಂತಿ ಬಿಗಿದು ಕೊಟ್ಟರೆ ಕೂಡದೆ ಎಲ್ಲಿಗೆ ಹೋಗುತ್ತದೆ? ಡಾಕ್ಟರರು ಮೂರು ತಿಂಗಳು ಎನ್ನುತ್ತಾರೆ.

ನಿನಗೆ ಡಾಕ್ಟರ ಹತ್ತಿರ ಹೋಗು ಎಂದು ಗುದ್ದು ಕೊಟ್ಟವನು ನಾನೇ ಮನೆಯಲ್ಲಿ ಮುದುಡಿಕೊಂಡು ಕುಳಿತಿದ್ದೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ಕುಸುಮಾಳ ಪತ್ರ ಬಂದ ದಿನ ನಾಚಿಕೆಯಾಯಿತು. ಆದರೂ ಬಾಯಿ ಬಿಡಲು ಒಂದು ತಿಂಗಳ ಮೇಲಾಯಿತು. ನಿನ್ನ ‘ಇನ್ನೂ ಸಾಯದ’ ಓದಿದ ಮೇಲೆ ಹರ್ಷದಾಳನ್ನು ಕರೆದು, “ಆತು ತಗೋ, ಮಾಡಿಸಿಬಿಡು” ಎಂದೆ. ಅವಳು ನನ್ನ ತೋಳು ಹಿಡಿದುಕೊಂಡು ಎಷ್ಟೋ ಹೊತ್ತು ಬಿಡಲಿಲ್ಲ.

ಇದೇ ಇಪ್ಪತ್ತರಂದು ಆಪರೇಷನ್. ನೀನು ನನಗೆ ಋಣಿ ಎಂದು ಬರೆದಿದ್ದೆ. ಲೆಕ್ಕ ತಿರುಗಿಬಿದ್ದಿದೆ. ನಿನ್ನ ಅಡಿಕೆಯಷ್ಟು ಎಲುಬು ಇಲ್ಲದಿದ್ದರೆ ನಾನು ಈ ಕುರ್ಚಿಯಲ್ಲೇ ಮುಗಿಯುತ್ತಿದ್ದೆ.

ಒಂದು ಕೇಳಿಕೆ ಇದೆ. ಆಪರೇಷನ್ ದಿನ ಬರಬೇಡ, ಹೆದರುತ್ತೀ. ಆಮೇಲೆ ಕೋಣೆಗೆ ತಂದಾಗ ಬಾ. ಹರ್ಷದಾ ಒಬ್ಬಳೇ ಇರುತ್ತಾಳೆ. ಬಂದು ಸುಮ್ಮನೆ ಕುಳಿತುಕೊಂಡರೂ ಸಾಕು.

ನಿನ್ನ ದಾರಿ ಕಾಯುವ
ಪ್ರಲ್ಹಾದ


ಆಸ್ಪತ್ರೆಯ ಕೋಣೆಯಿಂದ
26 ಆಗಸ್ಟ್ 2025, ಮಧ್ಯಾಹ್ನ

ಮಾಸ್ತರರಿಗೆ,

ನೀವು ಎರಡು ಮಾರು ದೂರದಲ್ಲಿ ಮಲಗಿರುವಾಗ ನಿಮಗೇ ಪತ್ರ ಬರೆಯುತ್ತಿದ್ದೇನೆ. ಎದ್ದ ಮೇಲೆ ಓದಿಕೊಳ್ಳಿ. ಹರ್ಷದಾಳನ್ನು ಊಟ ಮಾಡಿ ಬಾ ಎಂದು ಒತ್ತಾಯ ಮಾಡಿ ಕಳಿಸಿದ್ದೇನೆ. ಇಷ್ಟು ದಿನದಲ್ಲಿ ಅವಳು ಕೂತು ಉಂಡದ್ದು ಇದೇ ಮೊದಲಿರಬೇಕು.

ನೀವು ಬರಬೇಡ ಎಂದರೂ ಇಪ್ಪತ್ತರಂದು ಬಂದಿದ್ದೆ. ಕೆಳಗಿನ ಕ್ಯಾಂಟೀನಿನಲ್ಲಿ ಕೂತಿದ್ದೆ. ಅಲ್ಲಿಯ ಚಹಾ ಬಾಯಿಗೆ ಇಡುವ ಹಾಗಿಲ್ಲ, ಆದರೂ ಲೋಟದ ಮೇಲೆ ಲೋಟ ಕುಡಿದೆ. ಬೆರಳು ತಾನಾಗಿಯೇ ಗಂಟಲಿನ ಕುಳಿಗೆ ಹೋಗುತ್ತಿತ್ತು. ಹಿಡಿ, ಏಣು, ಅಲಗು, ಮೊನೆ. ನಿಮ್ಮದರ ಮೇಲೆ ಗರಗಸ ಈಗ ಎಲ್ಲಿಯವರೆಗೆ ಬಂದಿರಬಹುದು ಎಂದು ನನ್ನದರ ಮೇಲೆ ಲೆಕ್ಕ ಹಾಕುತ್ತಿದ್ದೆ. ಎಲ್ಲ ಸುಸೂತ್ರವಾಯಿತು ಎಂದು ಹರ್ಷದಾ ಮೆಟ್ಟಿಲಲ್ಲೇ ಕೂಗಿ ಹೇಳಿದಳು. ನಾನು ಪಕ್ಕದಲ್ಲಿದ್ದ ಗುರುತಿಲ್ಲದ ಮನುಷ್ಯನ ಕೈ ಹಿಡಿದು ಕುಲುಕಿದೆ.

ಇವತ್ತು ಬೆಳಿಗ್ಗೆ ನಿಮಗೆ ಕೆಮ್ಮು ಬಂತು. ನೆನಪಿದೆಯೋ ಇಲ್ಲವೋ. ಕೆಮ್ಮುವಾಗ ದಿಂಬನ್ನು ಎದೆಗೆ ಅಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಕೂಡುತ್ತಿರುವ ಎಲುಬಿಗೆ ಪೆಟ್ಟು ಎಂದು ನರ್ಸ್ ಹೇಳಿದ್ದರು. ದಿಂಬು ನಿಮ್ಮ ಕೈಗೆ ಎಟುಕಲಿಲ್ಲ. ನಾನೇ ಎತ್ತಿ ನಿಮ್ಮ ಎದೆಗೆ ಒತ್ತಿ ಹಿಡಿದೆ. ನೀವು ನನ್ನ ಕೈಯ ಮೇಲೆ ಕೈಯಿಟ್ಟು, “ಸೀದಾ ಹಿಡಿ, ಅಲುಗಾಡಬ್ಯಾಡ” ಎಂದಿರಿ. ಆ ಸ್ಥಿತಿಯಲ್ಲೂ ಮಾಸ್ತರಿಕೆ ಬಿಡಲಿಲ್ಲ.

ಆಮೇಲೆ ಕುಸುಮ ಕಳಿಸಿದ ಗಂಜಿ ಕುಡಿಸಿದೆ. ಅರ್ಧ ಕುಡಿದು ಸಾಕು ಎಂದು ಬಟ್ಟಲು ಸರಿಸಿದಿರಿ. ಅರ್ಧ ಹೋದದ್ದೇ ದೊಡ್ಡದು ಎಂದರು ಡಾಕ್ಟರು. ನಾನು ಹುಟ್ಟಾ ಹೋಟೆಲಿನವನು ಮಾಸ್ತರರೇ, ಅರ್ಧ ಬಿಟ್ಟ ಬಟ್ಟಲು ಕಂಡು ಇಷ್ಟು ಸಂತೋಷ ಯಾವತ್ತೂ ಪಟ್ಟಿಲ್ಲ. ಉಳಿದರ್ಧ ನಾನೇ ಕುಡಿದೆ.

ನಾಳೆ ಚೌತಿ. ಹೊರಗೆ ರಸ್ತೆಯಲ್ಲಿ ಢೋಲು ತಾಶಾದವರು ಶುರುಮಾಡಿದ್ದಾರೆ. ನಿಮ್ಮ ಮೇಜು ಖಾಲಿ ಇಟ್ಟಿದ್ದೇನೆ. ಗುಮಾಸ್ತರಿಗೆ ಬೇರೆ ಕಡೆ ಕೂರಲು ಹೇಳಿಯಾಗಿದೆ. ದೀಪಾವಳಿ ಕಳೆದು ನಿಮ್ಮ ಎಲುಬು ಕೂಡಿದ ಮೇಲೆ ಬಂದು ಕೂತುಕೊಳ್ಳಿ, ಎಷ್ಟು ತಾಸು ಬೇಕಾದರೂ.

ಔಷಧಿಯ ಹೊತ್ತಾಯಿತೆಂದು ನರ್ಸ್ ಬಂದಿದ್ದರು. ನೀವು ಮಲಗಿದ್ದನ್ನು ನೋಡಿ ಎಬ್ಬಿಸಲೇ ಎಂದು ಕೇಳಿದರು. ಆಮೇಲೆ ಕೊಟ್ಟರೆ ನಡೆಯುತ್ತದೆಯೇ ಎಂದು ವಿಚಾರಿಸಿದೆ. ಅರ್ಧ ತಾಸು ತಡವಾದರೆ ತೊಂದರೆಯಿಲ್ಲ ಎಂದರು. ನಾನು ಎದ್ದು ಢೋಲಿನ ಸದ್ದು ಬರುವ ಕಿಟಕಿ ಮುಚ್ಚಿದೆ. ನಿಮ್ಮ ಚೀಲದಲ್ಲಿ ಉಣ್ಣೆಯ ಸ್ವೆಟರ್ ಇತ್ತು, ಅದನ್ನು ಕಾಲಿನ ಮೇಲೆ ಹೊದಿಸಿದೆ. ನೀವು ಸ್ವಲ್ಪ ಅಲುಗಿ ಕಣ್ಣು ಬಿಡಲು ನೋಡಿದಿರಿ.

ಏಳಬೇಡಿ ಮಾಸ್ತರರೇ, ಮಲಗಿ. ನಾನು ಇಲ್ಲೇ ಕೂತಿದ್ದೇನೆ.

ನಿಮ್ಮ
ಹರಿಶ್ಚಂದ್ರ